ಕುಟ್ಟನಾಡು ನೋಡೋಕೆ ಸರ್ಕಾರಿ ಬೋಟೇ ಸಾಕು: ಆಲಪ್ಪುಳ–ಕೊಟ್ಟಾಯಂ ಪ್ಯಾಸೆಂಜರ್ ಬೋಟಿನ ಬಗ್ಗೆ

ಆಲಪ್ಪುಳಕ್ಕೆ ಹೊರಟ ನಮ್ಮ ಕಡೆಯವರು ಮೊದಲು ಕೇಳುವುದು ಒಂದೇ ಪ್ರಶ್ನೆ, ಯಾವ ಹೌಸ್‌ಬೋಟ್ ಚೆನ್ನಾಗಿದೆ? ನನ್ನ ಉತ್ತರವೂ ಒಂದೇ. ಹೌಸ್‌ಬೋಟ್ ಆಮೇಲೆ ನೋಡಿಕೊಳ್ಳಿ, ಮೊದಲು ಜೆಟ್ಟಿಗೆ ಹೋಗಿ ಕೊಟ್ಟಾಯಂ ಬೋಟು ಹತ್ತಿ. ಕೇರಳ ರಾಜ್ಯ ಜಲಸಾರಿಗೆ ಇಲಾಖೆ ಓಡಿಸುವ ಮಾಮೂಲಿ ಪ್ಯಾಸೆಂಜರ್ ಬೋಟು. ಸುಮಾರು 29 ಕಿಲೋಮೀಟರ್ ದಾರಿ, ಎರಡೂವರೆ ಗಂಟೆ ಪ್ರಯಾಣ, ಟಿಕೆಟ್ ಮೂವತ್ತು ರೂಪಾಯಿ ಆಸುಪಾಸು. ಇಷ್ಟು ದುಡ್ಡಿಗೆ ಇಷ್ಟು ಕೊಡುವ ಸರ್ಕಾರಿ ಸೇವೆ ನಾನು ಇನ್ನೊಂದು ಕಂಡಿಲ್ಲ.

ಬರೀ ಅಗ್ಗ ಅಂತ ಹೇಳುತ್ತಿಲ್ಲ. ಈ ಬೋಟು ನಮಗಾಗಿ ಓಡುವುದಿಲ್ಲ, ಅದೇ ಇದರ ದೊಡ್ಡ ಗುಣ. ಆಲಪ್ಪುಳದ ಸುತ್ತಲಿನ ಹಿನ್ನೀರು ಮತ್ತು ಭತ್ತದ ಸೀಮೆಯಾದ ಕುಟ್ಟನಾಡಿನಲ್ಲಿ ಇವತ್ತಿಗೂ ರಸ್ತೆ ಮುಟ್ಟದ ಎಷ್ಟೋ ಮನೆಗಳಿವೆ. ಮನೆ ಮುಂದೆ ನೀರು, ಹಿಂದೆ ಗದ್ದೆ, ನಡುವೆ ಒಂದು ತೆಂಗಿನ ಸಾಲಿನಷ್ಟು ಅಗಲದ ಬದು. ಅಲ್ಲಿಯವರು ಆಸ್ಪತ್ರೆಗೆ, ಕಾಲೇಜಿಗೆ, ರೇಷನ್ನಿಗೆ, ಮದುವೆಗೆ ಹೋಗುವುದು ಇದೇ ಬೋಟಿನಲ್ಲಿ. ಅವರ ಪಾಲಿಗೆ ಇದು ಸಿಟಿ ಬಸ್ಸು. ನಾವು ಅದರಲ್ಲಿ ಒಂದು ಸೀಟು ಹಿಡಿದು ಅವರ ದಿನದೊಳಗೆ ಎರಡೂವರೆ ಗಂಟೆ ಕೂತು ಬರುತ್ತೇವೆ, ಅಷ್ಟೇ. ಊರನ್ನು ನೋಡೋಕೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೇನಿದೆ ಹೇಳಿ.

ಇಲಾಖೆ ಶುರುವಾಗಿದ್ದು 1968ರಲ್ಲಿ, ಮುಖ್ಯ ಕಚೇರಿ ಆಲಪ್ಪುಳದಲ್ಲೇ ಇದೆ. ಕೊಲ್ಲಂ, ಎರ್ನಾಕುಲಂ, ವೈಕಂ, ಮುಹಮ್ಮ, ನೆಡುಮುಡಿ, ಚಂಗನಾಶ್ಶೇರಿ, ಆಚೆ ಉತ್ತರದಲ್ಲಿ ಪಯ್ಯನ್ನೂರು, ಹೀಗೆ ಬೇರೆ ಬೇರೆ ಕಡೆಯಿಂದ ಬೋಟುಗಳು ಹೊರಡುತ್ತವೆ. ರೈಲ್ವೆಯಲ್ಲಿ ಇರುವ ಹಾಗೆ ಇಲ್ಲಿಯೂ ಸ್ಟೇಷನ್ ಮಾಸ್ಟರ್ ಇದ್ದಾರೆ, ವೇಳಾಪಟ್ಟಿ ಇದೆ. ಹೆಚ್ಚಿನ ಬೋಟುಗಳಿಗೆ ಬರೀ ನಂಬರ್, ಹೌಸ್‌ಬೋಟಿಗೆ ಇಡುವಂಥ ಚೆಂದದ ಹೆಸರೆಲ್ಲ ಇಲ್ಲ.

ಸಿಬ್ಬಂದಿಯ ಕೆಲಸ ನೋಡುವುದೇ ಒಂದು ಖುಷಿ. ಮುಂದೆ ಚಕ್ರ ಹಿಡಿದು ನಿಂತವನು ಸ್ರಾಂಕ್. ಎಂಜಿನ್ ನೋಡಿಕೊಳ್ಳುವ ಡ್ರೈವರ್ ಬೇರೆ, ಟಿಕೆಟ್ ಕೊಡುವ ಬೋಟ್ ಮಾಸ್ಟರ್ ಬೇರೆ, ಹಗ್ಗ ಹಿಡಿಯುವ ಲಾಸ್ಕರ್‌ಗಳು ಬೇರೆ. ಹಳೇ ಡೀಸೆಲ್ ಬೋಟುಗಳಲ್ಲಿ ಡ್ರೈವರ್‌ಗೆ ಮುಂದಿನ ದಾರಿ ಕಾಣಿಸುವುದೇ ಇಲ್ಲ. ಅವನು ಎಂಜಿನ್ ಪಕ್ಕ ಕೂತಿರುತ್ತಾನೆ. ಸ್ರಾಂಕ್ ಗಂಟೆ ಬಾರಿಸಿದರೆ ಅವನಿಗೆ ಗೊತ್ತಾಗಬೇಕು, ನಿಧಾನ ಮಾಡಬೇಕಾ, ನಿಲ್ಲಿಸಬೇಕಾ, ಹಿಂದಕ್ಕೆ ತೆಗೆಯಬೇಕಾ ಅಂತ. ಟಿಣ್ ಅಂದ ಕೂಡಲೇ ಎಂಜಿನ್ ಸದ್ದು ಇಳಿಯುತ್ತದೆ, ಬೋಟು ಅಡ್ಡಡ್ಡ ಜಾರುತ್ತಾ ದಡದ ಕಡೆ ಬರುತ್ತದೆ, ಲಾಸ್ಕರ್ ಹಗ್ಗದ ಕುಣಿಕೆಯನ್ನು ಜೆಟ್ಟಿಯ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲೇ ಬಿಗಿಹಿಡಿಯುತ್ತಾನೆ. ಗಂಟು ಕಟ್ಟುವುದಿಲ್ಲ. ಕಟ್ಟೋಕೆ ಟೈಮೂ ಇಲ್ಲ. ಹತ್ತುವವರು ಹತ್ತಿ, ಇಳಿಯುವವರು ಇಳಿದು, ಒಂದು ಅಕ್ಕಿ ಮೂಟೆಯೋ ಒಂದು ಸೈಕಲ್ಲೋ ದಡಕ್ಕೆ ದಾಟುವಷ್ಟರಲ್ಲಿ ಮತ್ತೆ ಗಂಟೆ, ಹಗ್ಗ ಬಿಚ್ಚಿತು, ಹೊರಟಿತು. ಒಂದು ನಿಮಿಷವೂ ಆಗಿರುವುದಿಲ್ಲ. ವಯಸ್ಸಾದವರು ಇಳಿಯುವಾಗ ಮಾತ್ರ ಯಾರೂ ಅವಸರ ಮಾಡುವುದಿಲ್ಲ. ಲಾಸ್ಕರ್ ಒಂದು ಕೈ ಹಗ್ಗದ ಮೇಲೆ ಇಟ್ಟೇ ಇನ್ನೊಂದು ಕೈ ಚಾಚುತ್ತಾನೆ, ಅಜ್ಜಿ ಅವನ ಮುಖ ಕೂಡ ನೋಡದೆ ಆ ಕೈ ಹಿಡಿದು ಇಳಿದು ನಡೆಯುತ್ತಾಳೆ. ದಿನಾ ಹಿಡಿಯುವ ಕೈ ಅಲ್ವಾ.

ಈಗ ದಾರಿ. ಆಲಪ್ಪುಳ ಜೆಟ್ಟಿಯಿಂದ ಹೊರಟ ಮೊದಲ ಭಾಗ ಕಾಲುವೆ. ತಿರುವಿತಾಂಕೂರು ಸಂಸ್ಥಾನದ ದಿವಾನ ರಾಜಾ ಕೇಶವದಾಸ ಈ ಊರನ್ನು ಬಂದರಾಗಿ ಬೆಳೆಸಿದ ಕಾಲದ ಕಾಲುವೆಗಳು ಇವು. ಒಳನಾಡಿನ ಸರಕು ಇದೇ ನೀರಿನ ಮೇಲೆ ಸಮುದ್ರದ ದಡಕ್ಕೆ ಬರುತ್ತಿತ್ತು. ಊರು ದಾಟಿದರೆ ಪುನ್ನಮಡ ಕಾಯಲ್. ಕಾಯಲ್ ಅಂದರೆ ಹಿನ್ನೀರು. ನೆಹರು ಟ್ರೋಫಿ ಚುಂಡನ್ ವಳ್ಳಂ, ಅಂದರೆ ಹಾವಿನಂಥ ಉದ್ದ ದೋಣಿಗಳ ಓಟ ನಡೆಯುವುದು ಇಲ್ಲೇ. ಇದರ ಕತೆಗೂ ನಮ್ಮ ಬೋಟಿನ ದಾರಿಗೂ ಸಂಬಂಧ ಇದೆ. 1952ರಲ್ಲಿ ನೆಹರು ಕೊಟ್ಟಾಯಂನಿಂದ ಆಲಪ್ಪುಳಕ್ಕೆ ಬೋಟಿನಲ್ಲಿ ಬಂದರು, ಅವರ ಸ್ವಾಗತಕ್ಕೆ ಚುಂಡನ್ ದೋಣಿಗಳ ಓಟ ಇಟ್ಟಿದ್ದರು. ಗೆದ್ದ ನಡುಭಾಗಂ ದೋಣಿಗೆ ಪ್ರಧಾನಿ ತಾವೇ ಹತ್ತಿಬಿಟ್ಟರು. ಆಮೇಲೆ ಅವರು ಕಳಿಸಿದ ಬೆಳ್ಳಿಯ ಟ್ರೋಫಿಯಿಂದಲೇ ಈ ಸ್ಪರ್ಧೆ ಬೆಳೆಯಿತು. ಈಗ ನಾವು ಕೂತಿರುವ ಬೋಟು ಅವರು ಬಂದ ಕಡೆಗೆ ಹೊರಟಿದೆ.

ಪುನ್ನಮಡದಲ್ಲಿ ಸ್ವಲ್ಪ ಹೊತ್ತು ಹೌಸ್‌ಬೋಟುಗಳದೇ ಜಾತ್ರೆ. ಸುಮ್ನೆ ದಾಟಿ ಹೋಗಲಿ ಬಿಡಿ. ಅದು ಮುಗಿದ ಮೇಲೆ ಶುರುವಾಗುತ್ತದೆ ನಿಜವಾದ ಕುಟ್ಟನಾಡು. ಇಲ್ಲಿ ನಾನು ಯಾರಿಗಾದರೂ ಜೊತೆ ಕೊಟ್ಟರೆ ಅವರ ಭುಜ ತಟ್ಟಿ ತೋರಿಸುವ ವಿಷಯ ಒಂದಿದೆ. ಬೋಟಿನ ಕಿಟಕಿಯಿಂದ ಗದ್ದೆ ನೋಡಬೇಕಾದರೆ ಕಣ್ಣು ಕೆಳಗೆ ಇಳಿಸಬೇಕು. ನಾವು ತೇಲುತ್ತಿರುವ ನೀರು ಮೇಲೆ, ಬದು ನಡುವೆ, ಭತ್ತ ಕೆಳಗೆ. ಸಮುದ್ರ ಮಟ್ಟಕ್ಕಿಂತ 1.2ರಿಂದ 3 ಮೀಟರ್‌ವರೆಗೆ ತಗ್ಗಿನಲ್ಲಿ ಇಲ್ಲಿ ಬೇಸಾಯ ಮಾಡುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಇದನ್ನು ಜಗತ್ತಿನ ಮುಖ್ಯ ಕೃಷಿ ಪರಂಪರೆಗಳಲ್ಲಿ ಒಂದು ಅಂತ ಗುರುತಿಸಿತು. ಪುಸ್ತಕದಲ್ಲಿ ಓದಿದರೆ ಇದು ಒಂದು ಸಾಲಿನ ಮಾಹಿತಿ. ಬೋಟಿನ ಬೆಂಚಿನ ಮೇಲೆ ಕೂತು, ಪಕ್ಕದ ಮನೆಯ ಅಂಗಳ ನಮ್ಮ ಪಾದಕ್ಕಿಂತ ಕೆಳಗಿರುವುದನ್ನು ನೋಡಿದಾಗ ಮೈ ಜುಮ್ ಅನ್ನುತ್ತದೆ. ಬದು ಒಂದು ಕಡೆ ಒಡೆದರೆ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆರ್ ಬ್ಲಾಕ್, ಚಿತ್ತಿರ ಅಂತ ಹೆಸರುಗಳು ದಾರಿಯಲ್ಲಿ ಬರುತ್ತವೆ. ಇಂಗ್ಲಿಷ್ ಅಕ್ಷರ ಇಟ್ಟ ಬ್ಲಾಕುಗಳೆಲ್ಲ ಹಿನ್ನೀರಿನಿಂದ ಎಬ್ಬಿಸಿದ ನೆಲ. ಚಿತ್ತಿರ, ಮಾರ್ತಾಂಡಂ, ರಾಣಿ ಎಂಬ ಮೂರು ಕಾಯಲ್ ಗದ್ದೆಗಳನ್ನು 1940ರ ದಶಕದಲ್ಲಿ ಮುರಿಕ್ಕನ್ ಅಂತಲೇ ಎಲ್ಲರೂ ಕರೆಯುವ ಜೋಸೆಫ್ ಮುರಿಕ್ಕನ್ ಮಾಡಿಸಿದರು. ಯುದ್ಧದ ಕಾಲ, ಅಕ್ಕಿಗೆ ಬರ, ತಿರುವಿತಾಂಕೂರು ಸರ್ಕಾರಕ್ಕೂ ಹೊಸ ಗದ್ದೆ ಬೇಕಿತ್ತು. ಹೆಸರು ಮುರಿಕ್ಕನ್ ಅವರದು, ಸರಿ. ಆದರೆ ಆ ಬದು ಕಟ್ಟಿದ ಕೈಗಳು ಯಾರದು? ನೀರಿನ ತಳಕ್ಕೆ ಮುಳುಗಿ ಕೈಯಲ್ಲಿ ಕೆಸರು ಎತ್ತಿ ತಂದು, ತೆಂಗಿನ ಕಂಬ, ಬಿದಿರು, ಮರಳು, ಸೊಪ್ಪು ಸೇರಿಸಿ ಗೋಡೆ ಎಬ್ಬಿಸಿದವರು ಹೆಚ್ಚಾಗಿ ಪುಲಯ ಮತ್ತಿತರ ದಲಿತ ಕೂಲಿಗಳು. ಮೋಟರ್ ಬರುವ ಮುಂಚೆ ಗದ್ದೆಯ ನೀರು ಹೊರಹಾಕುತ್ತಿದ್ದದ್ದು ಮರದ ಚಕ್ರಗಳಿಂದ, ಸಾಲಾಗಿ ಕೂತು ಹಗಲು ರಾತ್ರಿ ಕಾಲಲ್ಲಿ ತುಳಿಯುತ್ತಿದ್ದರು. ಹೌಸ್‌ಬೋಟಿನ ಬ್ರೋಷರ್‌ನಲ್ಲಿ ಇದು ಇರುವುದಿಲ್ಲ. ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಈ ಹಸಿರು ತಾನಾಗೇ ಬಂದದ್ದಲ್ಲ ಅಂತ ಗೊತ್ತಿದ್ದರೆ ನೋಡುವ ರೀತಿಯೇ ಬೇರೆ ಆಗುತ್ತದೆ.

ಮುಂದೆ ವೆಂಬನಾಡಿನ ಅಂಚಿಗೆ ಬಂದಾಗ ಎರಡೂ ದಡ ದೂರ ಸರಿದು ಬರೀ ನೀರು. ಭಾರತದ ಅತಿ ಉದ್ದದ ಸರೋವರ ಇದು, 2002ರಿಂದ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದೆ. ಗಾಳಿ ಇಲ್ಲಿ ಬೇರೆಯೇ. ಟೋಪಿ ಇದ್ದರೆ ಕೈಯಲ್ಲಿ ಹಿಡಿದುಕೊಳ್ಳಿ. ನೀರುಕಾಗೆಗಳು ಗೂಟಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತವೆ. ಬಾತುಕೋಳಿ ಸಾಕುವವರು ಸಣ್ಣ ದೋಣಿಯಲ್ಲಿ ನೂರಾರು ಬಾತುಗಳನ್ನು ನೀರಿನ ಮೇಲೇ ಹೊಡೆದುಕೊಂಡು ಹೋಗುತ್ತಾರೆ. ಅವು ಎದುರಾದರೆ ನಮ್ಮ ಬೋಟು ನಿಧಾನ ಆಗುತ್ತದೆ.

ಚೆಂದ ಇಲ್ಲದ್ದನ್ನೂ ಹೇಳಬೇಕು. ನೀರು ಎಲ್ಲ ಕಡೆ ಶುದ್ಧ ಇಲ್ಲ. ಕುಳವಾಳೆ, ಅಂದರೆ ನಮ್ಮ ಕೆರೆಗಳಲ್ಲೂ ಹಬ್ಬುವ ಆ ನೇರಳೆ ಹೂವಿನ ಅಂತರಗಂಗೆ, ಕೆಲವು ಕಾಲದಲ್ಲಿ ಕಾಲುವೆ ಪೂರ್ತಿ ಮುಚ್ಚಿರುತ್ತದೆ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಬೋಟು ನಿಲ್ಲಿಸಿ ಬಿಡಿಸಬೇಕು. ಇದರ ಹಿಂದೆ ತಣ್ಣೀರ್ಮುಕ್ಕಂ ಬಂಡ್, ಅಂದರೆ ವೆಂಬನಾಡಿಗೆ ಅಡ್ಡಲಾಗಿ ಕಟ್ಟಿದ ಬಾಗಿಲುಗಳಿರುವ ಒಡ್ಡಿನ ಪಾತ್ರವೂ ಇದೆ. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ಗದ್ದೆಗೆ ನುಗ್ಗಬಾರದು ಅಂತ 1970ರ ದಶಕದಲ್ಲಿ ಅದನ್ನು ಬಳಕೆಗೆ ತಂದರು. ಭತ್ತಕ್ಕೆ ಅನುಕೂಲ ಆಯಿತು. ಆದರೆ ಉಪ್ಪುನೀರು ಬಂದು ಹೋಗುತ್ತಿದ್ದಾಗ ಕಳೆ ತಾನಾಗೇ ಸಾಯುತ್ತಿತ್ತು, ಕೊಳಕು ತೊಳೆದು ಹೋಗುತ್ತಿತ್ತು, ಮೀನು ಸಿಗಡಿ ಒಳಗೆ ಬರುತ್ತಿದ್ದವು. ಅದೆಲ್ಲ ಕಡಿಮೆ ಆಯಿತು. ರೈತರು ಬಾಗಿಲು ಮುಚ್ಚಿ ಅನ್ನುತ್ತಾರೆ, ಮೀನುಗಾರರು ತೆರೆಯಿರಿ ಅನ್ನುತ್ತಾರೆ, ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಅದರ ಮೇಲೆ ಸಾವಿರಾರು ಪ್ರವಾಸಿಗರ ಕಸ. ಪ್ಯಾಸೆಂಜರ್ ಬೋಟಿನಲ್ಲಿ ನೂರು ಜನ ಹೋದರೂ ಒಂದೇ ಎಂಜಿನ್. ಇಬ್ಬರಿಗೆ ಒಂದು ಎಸಿ ಬೋಟು ಓಡಿಸುವುದಕ್ಕೂ ಇದಕ್ಕೂ ಲೆಕ್ಕ ಹಾಕಿ ನೋಡಿ.

ಹೌಸ್‌ಬೋಟಿನ ಅನುಭವವೂ ನನಗಿದೆ, ಅದಕ್ಕೇ ಹೋಲಿಸುತ್ತಿದ್ದೇನೆ. ಹೆಸರು ಬೇಡ. ರೂಮು ಚೆನ್ನಾಗಿತ್ತು, ಕರಿಮೀನ್ ಫ್ರೈ ಇನ್ನೂ ಚೆನ್ನಾಗಿತ್ತು. ಆದರೆ ಸಂಜೆ ಆರಕ್ಕೆ ಮುಂಚೆಯೇ ದಡಕ್ಕೆ ಕಟ್ಟಿದರು, ಅಕ್ಕಪಕ್ಕ ಅದೇ ಥರದ ಬೋಟುಗಳು, ಎಲ್ಲದರ ಜನರೇಟರ್ ಸದ್ದು, ಕೆಲವದರಲ್ಲಿ ಡಿಜೆ. ಮೀನಿಗೆ ಮತ್ತೆ ಬೇರೆ ಬಿಲ್ಲು. ಕತ್ತಲಾದ ಮೇಲೆ ಹೌಸ್‌ಬೋಟ್ ಓಡಿಸುವಂತಿಲ್ಲ, ಮೀನುಗಾರರು ಬಲೆ ಹಾಕುವ ಹೊತ್ತು ಅದು, ಆ ನಿಯಮ ಸರಿಯಾಗೇ ಇದೆ. ಹಾಗಾಗಿ ಕೊಟ್ಟ ಸಾವಿರಾರು ರೂಪಾಯಿಗೆ ನೀರಿನ ಮೇಲೆ ಓಡಾಡಿದ ಹೊತ್ತು ಕೊಟ್ಟಾಯಂ ಬೋಟಿಗಿಂತ ಬಹಳ ಜಾಸ್ತಿ ಏನೂ ಇರಲಿಲ್ಲ. ಹನಿಮೂನಿಗೆ ಹೋಗುವವರಿಗೆ, ಮನೆಯ ಹಿರಿಯರನ್ನು ಆರಾಮಾಗಿ ಕರೆದುಕೊಂಡು ಹೋಗುವವರಿಗೆ ಹೌಸ್‌ಬೋಟ್ ಸರಿ. ಊರು ನೋಡಬೇಕು ಅನ್ನುವವರಿಗೆ ಅಲ್ಲ.

ಬೋಟಿನೊಳಗಿನ ಸೌಕರ್ಯ ಕೇಳುತ್ತೀರಾದರೆ, ಸರಳ. ಗಟ್ಟಿ ಬೆಂಚು, ತೆರೆದ ಕಿಟಕಿ, ಮಳೆ ಬಂದರೆ ಇಳಿಬಿಡುವ ಪರದೆ. ಎಂಜಿನ್ ಹತ್ತಿರ ಕೂತರೆ ಸದ್ದು ಮತ್ತು ಬಿಸಿ, ಆದ್ದರಿಂದ ಮುಂದಿನ ಬೆಂಚು ಹಿಡಿಯಿರಿ. ಮಧ್ಯಾಹ್ನದ ಬಿಸಿಲಿಗೆ ನೆರಳಿನ ಬದಿ ಕೇಳಿಕೊಂಡು ಕೂರಿ, ಪಕ್ಕದವರು ಹೇಳುತ್ತಾರೆ. ತಿಂಡಿ ಮಾರುವವರು ಇರುವುದಿಲ್ಲ, ನೀರು ಬಾಳೆಹಣ್ಣು ಇಟ್ಟುಕೊಳ್ಳಿ. ಬೋರ್ಡುಗಳು ಬಹುಪಾಲು ಮಲಯಾಳಂ. ಕೌಂಟರ್‌ನಲ್ಲಿ ಕೊಟ್ಟಾಯಂ ಅಂದರೆ ಸಾಕು.

ಬೆಳಗಿನ ಬೋಟು ಒಂದು ಥರ, ಸಂಜೆಯದು ಇನ್ನೊಂದು ಥರ. ಬೆಳಿಗ್ಗೆ ಯೂನಿಫಾರಂ ಹಾಕಿದ ಮಕ್ಕಳು, ಆಫೀಸಿಗೆ ಹೋಗುವ ಹೆಂಗಸರು, ಪೇಪರ್ ಮಡಿಚಿ ಹಿಡಿದ ಮೇಷ್ಟ್ರುಗಳು. ಪೇಪರ್ ಒಂದು ಬೆಂಚಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ, ಕೊನೆಗೆ ಯಾರದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ರಾಜಕೀಯದ ಮಾತು ಶುರುವಾದರೆ ಅರ್ಧ ಬೋಟು ಸೇರಿಕೊಳ್ಳುತ್ತದೆ. ಇದು 1946ರ ಪುನ್ನಪ್ರ–ವಯಲಾರ್ ಹೋರಾಟದ ಜಿಲ್ಲೆ, ಹುರಿಹಗ್ಗದ ಕಾರ್ಖಾನೆಯ ಕೂಲಿಗಳು, ಗದ್ದೆ ಕೂಲಿಗಳು ತಿರುವಿತಾಂಕೂರಿನ ಆಗಿನ ದಿವಾನರ ಆಡಳಿತದ ವಿರುದ್ಧ ಎದ್ದು ನಿಂತು ಪ್ರಾಣ ಕೊಟ್ಟ ನೆಲ. ಮಾತಾಡೋಕೆ ಇಲ್ಲಿ ಯಾರೂ ಹೆದರುವುದಿಲ್ಲ. ನಮಗೆ ಮಲಯಾಳಂ ಬರದಿದ್ದರೂ ಪರವಾಗಿಲ್ಲ, ಕನ್ನಡ ಬಲ್ಲವರಿಗೆ ಅರ್ಧ ತಾನಾಗೇ ತಿಳಿಯುತ್ತದೆ. ಕರ್ನಾಟಕದವರು ಅಂದರೆ ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳೋ ಸೊಸೆಯೋ ಒಬ್ಬರು ಇದ್ದೇ ಇರುತ್ತಾರೆ, ಮಾತು ಅಲ್ಲಿಂದ ಮುಂದೆ ಹೋಗುತ್ತದೆ.

ಕ್ಯಾಮೆರಾ ವಿಷಯದಲ್ಲಿ ಮಾತ್ರ ಒಂದು ಕೋರಿಕೆ. ದಡದ ಮನೆಗಳ ಮುಂದಿನ ಮೆಟ್ಟಿಲಲ್ಲಿ ಜನ ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಸ್ನಾನ ಮಾಡುತ್ತಾರೆ. ಅದು ಅವರ ಬಚ್ಚಲು, ಹಿತ್ತಲು. ದಯವಿಟ್ಟು ಝೂಮ್ ಮಾಡಬೇಡಿ. ಕೆಲಸದ ಹೊತ್ತಿನಲ್ಲಿ ರಶ್ ಇದ್ದರೆ ಊರವರಿಗೆ ಸೀಟು ಬಿಡಿ, ನಿಮಗೆ ಮುಂದಿನ ಬೋಟು ಇದೆ, ಅವರಿಗೆ ಹಾಜರಿ ಇದೆ.

ಸುರಕ್ಷತೆ ಬಗ್ಗೆ ಕೇಳುವವರು ಜಾಸ್ತಿ, ಕೇಳಲೇಬೇಕು. 2002ರ ಜುಲೈ 27ರಂದು ಮುಹಮ್ಮ ಜೆಟ್ಟಿಯಿಂದ ಕುಮರಕಂಗೆ ಹೊರಟ ಇದೇ ಇಲಾಖೆಯ ಎ 53 ನಂಬರಿನ ಬೋಟು ವೆಂಬನಾಡಿನಲ್ಲಿ ಮುಳುಗಿ 29 ಜನ ಸತ್ತರು. ಪಿಎಸ್‌ಸಿ ಪರೀಕ್ಷೆ ಬರೆಯಲು ಹೊರಟ ಯುವಕ ಯುವತಿಯರು ಬೋಟಿನ ತುಂಬ ಇದ್ದರು. ಅದಕ್ಕೂ ಬಹಳ ಹಿಂದೆ, 1924ರ ಜನವರಿಯಲ್ಲಿ, ಮಲಯಾಳಂನ ದೊಡ್ಡ ಕವಿ ಕುಮಾರನ್ ಆಶಾನ್ ತೀರಿಕೊಂಡದ್ದು ಪಲ್ಲನದಲ್ಲಿ ರಿಡೀಮರ್ ಎಂಬ ಬೋಟು ಮುಳುಗಿ. ಈ ಎರಡನ್ನೂ ಇಲ್ಲಿಯ ಜನ ಮರೆತಿಲ್ಲ. ಬೋಟ್ ಮಾಸ್ಟರ್ ಎಲ್ಲರೂ ಒಂದೇ ಬದಿಗೆ ಬರಬೇಡಿ, ಆ ಕಡೆ ಕೂರಿ ಅಂತ ಗದರಿದರೆ ಅದಕ್ಕೆ ಕಾರಣ ಇದೆ. ಕೂಡಲೇ ಕೂರಿ. ಫೋಟೋಗಾಗಿ ಒಂದೇ ಕಿಟಕಿಗೆ ಮುಗಿಬೀಳಬೇಡಿ. ಲೈಫ್ ಜಾಕೆಟ್ ಎಲ್ಲಿದೆ ಅಂತ ಹತ್ತಿದ ಕೂಡಲೇ ನೋಡಿಕೊಳ್ಳಿ, ಮಕ್ಕಳಿದ್ದರೆ ಕೇಳಿ ಹಾಕಿಸಿ. ಸೀಟಿಗಿಂತ ಜಾಸ್ತಿ ಜನ ಕಂಡರೆ ಇಳಿದುಬಿಡಿ.

2018ರ ಆಗಸ್ಟ್ ಪ್ರವಾಹದಲ್ಲಿ ಕುಟ್ಟನಾಡನ್ನು ಹೆಚ್ಚು ಕಡಿಮೆ ಪೂರ್ತಿ ಖಾಲಿ ಮಾಡಿಸಬೇಕಾಯಿತು. ಆಲಪ್ಪುಳ–ಚಂಗನಾಶ್ಶೇರಿ ರಸ್ತೆ ನೀರಿನಡಿ ಹೋಗಿತ್ತು. ಜನರನ್ನು ಪೇಟೆಗೆ ಸಾಗಿಸಿದ್ದು ಇದೇ ಸರ್ಕಾರಿ ಬೋಟುಗಳು, ಜೊತೆಗೆ ಮೀನುಗಾರರ ದೋಣಿ, ಹೌಸ್‌ಬೋಟು, ಕಲ್ಲು ಮರಳು ಹೊರುವ ದೋಣಿ, ಯಾವುದು ಸಿಕ್ಕಿತೋ ಅದು. ಒಂದು ಇಲಾಖೆಯನ್ನು ಅಳೆಯುವಾಗ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಟಿಕೆಟ್ ದುಡ್ಡಿನಲ್ಲಿ ಲಾಭ ಬರುತ್ತಾ ಅಂತ ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ.

ಇಲಾಖೆ ಹಳೇ ಡೀಸೆಲ್‌ಗೇ ಜೋತುಬಿದ್ದಿಲ್ಲ. ಭಾರತದ ಮೊದಲ ಸೌರ ಪ್ಯಾಸೆಂಜರ್ ಫೆರಿ ಆದಿತ್ಯ 2017ರ ಜನವರಿಯಿಂದ ವೈಕಂ ಮತ್ತು ತವಣಕಡವು ನಡುವೆ ಓಡುತ್ತಿದೆ, ಕಟ್ಟಿದ್ದು ಕೊಚ್ಚಿಯ ನವಾಲ್ಟ್ ಕಂಪನಿ. 75 ಜನ ಕೂರಬಹುದು. ಸದ್ದೇ ಇಲ್ಲ, ನೀರು ಬೋಟಿನ ಬದಿಗೆ ಬಡಿಯುವುದು ಕೇಳಿಸುತ್ತದೆ. ಸಮಯ ಇದ್ದರೆ ಇದನ್ನೂ ಹತ್ತಿ. ವೈಕಂ ಜೆಟ್ಟಿಗೆ ಅದರದೇ ತೂಕ ಇದೆ. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಎಲ್ಲ ಜಾತಿಯವರೂ ನಡೆಯಬೇಕು ಅಂತ 1924ರಲ್ಲಿ ಶುರುವಾದ ಸತ್ಯಾಗ್ರಹಕ್ಕೆ 1925ರಲ್ಲಿ ಗಾಂಧೀಜಿ ಬಂದಿಳಿದದ್ದು ಬೋಟಿನಲ್ಲೇ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ಇನ್ನೂ ಹೊಸ ಕಾಲದ್ದು. ಕೊಚ್ಚಿನ್ ಶಿಪ್‌ಯಾರ್ಡ್‌ನ ಬ್ಯಾಟರಿ ಬೋಟು, ಎಸಿ, ಗೇಟಿಗೆ ಕಾರ್ಡು, ದಡದ ಮಟ್ಟಕ್ಕೆ ಸರಿಯಾಗಿ ನಿಲ್ಲುವ ತೇಲುವ ಪ್ಲಾಟ್‌ಫಾರಂ. ವ್ಹೀಲ್‌ಚೇರ್‌ನವರಿಗೆ ಅದೇ ಒಳ್ಳೆಯದು, ಆಲಪ್ಪುಳದ ಸಣ್ಣ ಜೆಟ್ಟಿಗಳಿಗೆ ಆ ಅನುಕೂಲ ಬೇಗ ಬರಲಿ. ಆದರೆ ಗಾಜಿನ ಹಿಂದೆ ಕೂತು ನೋಡಿದ ನೀರಿಗೂ ಕೈ ಚಾಚಿದರೆ ಸಿಗುವ ನೀರಿಗೂ ವ್ಯತ್ಯಾಸ ಇದೆ.

ಯಾವಾಗ ಹೋಗಬೇಕು? ಗದ್ದೆ ಹಸಿರಾಗಿರುವುದು ಡಿಸೆಂಬರ್, ಜನವರಿ ಹೊತ್ತಿಗೆ. ಫೆಬ್ರವರಿ, ಮಾರ್ಚ್‌ಗೆ ಕೊಯ್ಲು ಬರುತ್ತದೆ, ಭತ್ತದ ಮೂಟೆ ಹೊತ್ತ ದೊಡ್ಡ ದೋಣಿಗಳು ಕಾಣುತ್ತವೆ. ಮಳೆಗಾಲದಲ್ಲಿ ಗದ್ದೆ ಕಾಯಲ್ ಎಲ್ಲ ಒಂದೇ ನೀರು, ಅದೂ ನೋಡಬೇಕಾದ್ದೇ, ಆದರೆ ಗಾಳಿ ಜೋರಿದ್ದರೆ ಬೋಟು ನಿಲ್ಲಿಸುತ್ತಾರೆ. ದಿನಕ್ಕೆ ಇರುವುದು ಬೆರಳೆಣಿಕೆಯಷ್ಟು ಬೋಟು, ಹಿಂದಿನ ದಿನವೇ ಸಮಯ ಕೇಳಿಟ್ಟುಕೊಳ್ಳಿ. ಕೊಟ್ಟಾಯಂ ಕಡೆಯ ಕಾಲುವೆಯ ಮೇಲೆ ಎತ್ತುವ ಸೇತುವೆಗಳಿವೆ. ಬೋಟು ಬಂದಾಗ ಮೇಲೆತ್ತಿ, ದಾಟಿದ ಮೇಲೆ ಇಳಿಸುತ್ತಾರೆ, ಮಕ್ಕಳಿಗೆ ಬಹಳ ಇಷ್ಟ ಆಗುತ್ತದೆ. ಸೇತುವೆ ಕೆಟ್ಟಿದ್ದರೆ ಅಥವಾ ಕಳೆ ತುಂಬಿದ್ದರೆ ಬೋಟು ಕೊಟ್ಟಾಯಂನ ಜೆಟ್ಟಿ ಇರುವ ಕೋಡಿಮತದವರೆಗೆ ಹೋಗದೆ ಕಾಂಜಿರಂನಲ್ಲೇ ನಿಲ್ಲುತ್ತದೆ, ಅಲ್ಲಿಂದ ಬಸ್ಸೋ ಆಟೋವೋ ಹಿಡಿಯಬೇಕು.

ಹಸಿವಾದರೆ ಇಂಡಿಯನ್ ಕಾಫಿ ಹೌಸ್ ಹುಡುಕಿ. ಕಾಫಿ ಬೋರ್ಡು ಕೆಲಸದಿಂದ ತೆಗೆದ ಕಾರ್ಮಿಕರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿಕೊಂಡು 1958ರಲ್ಲಿ ತ್ರಿಶ್ಶೂರಿನಲ್ಲಿ ಕೇರಳದ ಮೊದಲನೆಯದನ್ನು ತೆರೆದರು. ಬಡಿಸುವವರು ಇವತ್ತಿಗೂ ಬೀಸಣಿಗೆ ಮಡಿಕೆಯ ಪೇಟ ಕಟ್ಟುತ್ತಾರೆ. ಮಸಾಲೆ ದೋಸೆಯ ಪಲ್ಯದಲ್ಲಿ ಬೀಟ್‌ರೂಟ್ ಇರುತ್ತದೆ, ಕೆಂಪಗೆ. ನಮ್ಮ ದೋಸೆ ಅಲ್ಲ ಅದು, ಒಪ್ಪುತ್ತೇನೆ. ಕಟ್ಲೆಟ್ ತಗೊಳ್ಳಿ, ಕಾಫಿ ತಗೊಳ್ಳಿ.

ರೈಲಿನ ಲೆಕ್ಕ ಹೀಗೆ. ಮಂಗಳೂರು ಕಡೆಯವರು ಮಾವೇಲಿ ಎಕ್ಸ್‌ಪ್ರೆಸ್ ಹಿಡಿದರೆ ಅದು ಆಲಪ್ಪುಳ ಮೇಲೆ ಹೋಗುತ್ತದೆ. ಮಲಬಾರ್ ಎಕ್ಸ್‌ಪ್ರೆಸ್ ಕೊಟ್ಟಾಯಂ ಮೇಲೆ. ಹೋಗುವಾಗ ಒಂದು, ಬರುವಾಗ ಇನ್ನೊಂದು, ನಡುವೆ ಬೋಟು, ಒಂದೇ ದಾರಿಯಲ್ಲಿ ವಾಪಸ್ ಬರಬೇಕಾಗಿಲ್ಲ. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಟ್ಟಾಯಂನಲ್ಲಿ ನಿಲ್ಲುತ್ತದೆ, ಅವರು ಬೋಟನ್ನು ಆ ಕಡೆಯಿಂದ ಹತ್ತಬಹುದು. ಹಾಗೆ ಬಂದರೆ ಸಂಜೆಯ ಬೋಟು ಹಿಡಿಯಿರಿ. ಪುನ್ನಮಡ ಮುಟ್ಟುವ ಹೊತ್ತಿಗೆ ಬಿಸಿಲು ತಗ್ಗಿರುತ್ತದೆ, ಶಾಲೆ ಬಿಟ್ಟ ಮಕ್ಕಳು ಜೊತೆಗಿರುತ್ತಾರೆ, ಇಳಿದ ಮೇಲೆ ಆಲಪ್ಪುಳದ ಬೀಚ್ ಆಟೋದಲ್ಲಿ ಹತ್ತು ನಿಮಿಷ.